ನಿಮ್ಮ ರೋಗಿಗೆ ಮಾರ್ಫಿನ್ ಯಾರು ಕೊಡುತ್ತಾರೆ? ನಿಗಾ ಕರಾರಿನಲ್ಲಿರುವ ನರ್ಸ್ ಒಬ್ಬರು ಕೆಲಸ ಹುಡುಕಿದ ಪ್ರಕರಣ

ಕೈಯಲ್ಲಿ ಲೈಸೆನ್ಸ್ ಇದೆ. ಅದರ ಮೇಲೆ ನರ್ಸಿಂಗ್ ಬೋರ್ಡಿನ ಶಿಸ್ತುಕ್ರಮದ ಗುರುತೇನೂ ಇಲ್ಲ. ಐಸಿಯುನಲ್ಲಿ ವರ್ಷಗಟ್ಟಲೆ ದುಡಿದ ಅನುಭವವಿದೆ. ಅಮೆರಿಕದಲ್ಲಿ ನರ್ಸ್‌ಗಳಿಗೆ ಬೇಡಿಕೆಯೂ ಇದೆ. ಇಷ್ಟೆಲ್ಲ ಇದ್ದೂ ಫ್ಲೋರಿಡಾದಲ್ಲಿ ನೆಲೆಸಿರುವ ಹಾಸನ ಕಡೆಯ ಹೆಣ್ಣುಮಗಳೊಬ್ಬರಿಗೆ ತಿಂಗಳುಗಟ್ಟಲೆ ಕೆಲಸ ಸಿಗಲಿಲ್ಲ. ಅವರು ಔಷಧ ಅವಲಂಬನೆಗೆ ಚಿಕಿತ್ಸೆ ಪಡೆದು, ಅಲ್ಲಿನ ನರ್ಸ್‌ಗಳ ಚೇತರಿಕೆಯ ಮೇಲೆ ನಿಗಾ ಇಡುವ ಕಾರ್ಯಕ್ರಮಕ್ಕೆ ಸಹಿ ಹಾಕಿದ್ದರು. ಆ ಸಹಿಯ ಜೊತೆ ಬಂದ ಷರತ್ತುಗಳನ್ನು ಇಟ್ಟುಕೊಂಡು ಕೆಲಸ ಹೇಗೆ ಹುಡುಕಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಗುರುತು ಸಿಗಬಾರದೆಂದು ಊರು, ವಾರ್ಡು, ಕಾಲ ಎಲ್ಲವನ್ನೂ ಬದಲಿಸಿದ್ದೇನೆ. ಕೆಲವು ವಿವರಗಳು ಇದೇ ದಾರಿಯಲ್ಲಿ ನಡೆದ ಬೇರೆ ನರ್ಸ್‌ಗಳವು. ಕಾನೂನು ಮತ್ತು ಷರತ್ತುಗಳ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿಂದೆ ನಡೆದದ್ದು

ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಪಾಸು, ಮದುವೆ, ಅಮೆರಿಕ, ಐಸಿಯು. ಕರಾವಳಿಯ ಕಾಲೇಜುಗಳಲ್ಲಿ ಓದಿದ ಎಷ್ಟೋ ಹುಡುಗಿಯರ ದಾರಿ ಇದೇ. ಭಾರೀ ಮೈಯ ರೋಗಿಯೊಬ್ಬರನ್ನು ಮಗ್ಗುಲು ಬದಲಿಸುವಾಗ ಇವರ ಸೊಂಟ ಹಿಡಿಯಿತು. ಡಾಕ್ಟರು ಹೈಡ್ರೋಕೋಡೋನ್ ಎಂಬ, ಅಫೀಮಿನ ಜಾತಿಯ (ಓಪಿಯಾಯ್ಡ್) ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಕಡಿಮೆಯಾದ ಮೇಲೂ ಮಾತ್ರೆ ನಿಲ್ಲಲಿಲ್ಲ. ಹನ್ನೆರಡು ಗಂಟೆಯ ರಾತ್ರಿ ಶಿಫ್ಟು, ಮನೆಗೆ ಬಂದರೆ ಮಗು, ಮತ್ತೆ ಸಂಜೆ ಶಿಫ್ಟು. ಮಾತ್ರೆಯಿಲ್ಲದೆ ನಿಲ್ಲಲು ಆಗುವುದಿಲ್ಲ ಎನ್ನುವ ಹಂತ ಬಂತು.

ಹೈಡ್ರೋಕೋಡೋನ್ ಬೆರೆತ ಮಾತ್ರೆಗಳನ್ನು 2014ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ನಿಯಂತ್ರಿತ ಔಷಧಗಳ ಹೆಚ್ಚು ಕಟ್ಟುನಿಟ್ಟಿನ ಎರಡನೇ ಪಟ್ಟಿಗೆ ಸೇರಿಸಿತು. ಅಂದಿನಿಂದ ಅದಕ್ಕೆ ರೀಫಿಲ್ ಇಲ್ಲ, ಪ್ರತಿ ಸಲವೂ ಹೊಸ ಚೀಟಿ ಬೇಕು. ಇವರ ಚೀಟಿ ಮುಗಿದಾಗ ಗಂಡನ ಮೊಣಕಾಲು ಆಪರೇಷನ್ನಿನಿಂದ ಉಳಿದಿದ್ದ ಮಾತ್ರೆ ಮನೆಯ ಕಪಾಟಿನಲ್ಲಿತ್ತು. ಆಸ್ಪತ್ರೆಯ ಔಷಧವನ್ನು ಇವರು ಒಂದು ದಿನವೂ ಮುಟ್ಟಲಿಲ್ಲ. ಆದರೆ ಒಂದು ರಾತ್ರಿ ಚಾರ್ಟಿಂಗ್ ಮಾಡುತ್ತ ತೂಕಡಿಸಿದ್ದನ್ನು ಚಾರ್ಜ್ ನರ್ಸ್ ಕಂಡರು. ಆಗಲೇ ಮೂತ್ರ ಪರೀಕ್ಷೆಯಾಯಿತು, ಪಾಸಿಟಿವ್ ಬಂತು. ತಮ್ಮ ಹೆಸರಿನಲ್ಲಿ ಚೀಟಿಯಿಲ್ಲದ ಔಷಧ ಮೈಯಲ್ಲಿ ಸಿಕ್ಕರೆ ಫ್ಲೋರಿಡಾ ಕಾನೂನಿನಲ್ಲಿ ಅದೇ ಶಿಸ್ತುಕ್ರಮಕ್ಕೆ ಸಾಕಾಗುವ ಕಾರಣ. ಕೆಲಸ ಹೋಯಿತು.

ಆ ವಾರದಲ್ಲಿ ಅವರು ಮಾಡಿದ ಒಂದು ಕೆಲಸ ಮುಂದಿನದನ್ನೆಲ್ಲ ಉಳಿಸಿತು. ಬೋರ್ಡಿನಿಂದ ಕಾಗದ ಬರಲೆಂದು ಕಾಯದೆ, ಫ್ಲೋರಿಡಾದ ಇಂಟರ್ವೆನ್ಷನ್ ಪ್ರಾಜೆಕ್ಟ್ ಫಾರ್ ನರ್ಸಸ್ ಎಂಬ ಕಾರ್ಯಕ್ರಮಕ್ಕೆ ತಾವೇ ಫೋನ್ ಮಾಡಿದರು. 1983ರಿಂದ ನಡೆದು ಬಂದಿರುವ ಇದು ದೇಶದಲ್ಲೇ ಈ ಬಗೆಯ ಮೊದಲಿನ ಕಾರ್ಯಕ್ರಮಗಳಲ್ಲಿ ಒಂದು. ಟೆಕ್ಸಾಸ್‌ನಲ್ಲಿ ಇಂಥದೇ ಇನ್ನೊಂದು 1987ರಲ್ಲಿ ಶುರುವಾಯಿತು. ಇವುಗಳ ಹಿಂದಿನ ವಿಚಾರ ಸರಳ. ಕಾಯಿಲೆಯಾದ ನರ್ಸ್‌ಳ ಲೈಸೆನ್ಸ್ ಕಿತ್ತುಕೊಂಡರೆ ಉಳಿದವರು ಹೆದರಿ ಬಚ್ಚಿಟ್ಟುಕೊಳ್ಳುತ್ತಾರೆ, ರೋಗಿಗಳಿಗೆ ಅಪಾಯ ಹೆಚ್ಚುತ್ತದೆ. ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಕಣ್ಣಿಟ್ಟು, ಕೆಲಸಕ್ಕೆ ಹಿಂದಿರುಗಿಸಿದರೆ ಇಬ್ಬರಿಗೂ ಒಳ್ಳೆಯದು. ಇವರ ವಿಷಯದಲ್ಲಿ ಕಾಯಿಲೆಯ ಹೊರತು ಬೇರೆ ದೂರಿರಲಿಲ್ಲ, ಒಪ್ಪಿಕೊಂಡು ತಾವಾಗಿ ಬಂದಿದ್ದರು. ಹಾಗಾಗಿ ವಿಷಯ ಗೋಪ್ಯವಾಗಿಯೇ ಉಳಿಯಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಆಸ್ಪತ್ರೆಯ ಔಷಧ ಕದ್ದ ಆರೋಪವಿದ್ದರೆ ದಾರಿ ಬಹಳ ಕಠಿಣ.

ತಪಾಸಣೆ, ಕೆಲವು ತಿಂಗಳ ಚಿಕಿತ್ಸೆ, ಆಮೇಲೆ ಐದು ವರ್ಷದ ಕರಾರು.

ಕರಾರಿನಲ್ಲಿ ಏನಿತ್ತು

ದಿನಾ ಬೆಳಿಗ್ಗೆ ಫೋನಿನಲ್ಲಿ ಚೆಕ್-ಇನ್ ಮಾಡಬೇಕು. ಇವತ್ತು ನಿಮ್ಮ ಸರದಿ ಎಂದು ಬಂದರೆ ಅದೇ ದಿನ ಲ್ಯಾಬ್ ಮುಚ್ಚುವುದರೊಳಗೆ ಹೋಗಿ ಮಾದರಿ ಕೊಡಬೇಕು, ಖರ್ಚು ನರ್ಸ್‌ಳದೇ. ಚೆಕ್-ಇನ್ ಮರೆತರೂ ತಪ್ಪೆಂದೇ ದಾಖಲಾಗುತ್ತದೆ. ವಾರಕ್ಕೊಮ್ಮೆ ನರ್ಸ್‌ಗಳದೇ ಗುಂಪಿನ ಸಭೆ. ಕೆಲಸ ಒಪ್ಪಿಕೊಳ್ಳುವ ಮೊದಲು ಕಾರ್ಯಕ್ರಮದ ಅನುಮತಿ ಪಡೆಯಬೇಕು. ಮೇಲ್ವಿಚಾರಕರಿಗೆ ವಿಷಯ ತಿಳಿದಿರಬೇಕು, ಅವರು ಕಾಗದಕ್ಕೆ ಸಹಿ ಹಾಕಿ ಆಗಾಗ ವರದಿ ಕಳಿಸಬೇಕು. ರಾತ್ರಿ ಪಾಳಿ, ಓವರ್‌ಟೈಮ್, ಏಜೆನ್ಸಿ ಕೆಲಸ, ಮನೆಮನೆಗೆ ಹೋಗುವ ಹೋಮ್ ಹೆಲ್ತ್ ಯಾವುದೂ ಸದ್ಯಕ್ಕಿಲ್ಲ, ಏಕೆಂದರೆ ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇರಬೇಕು. ಎಲ್ಲಕ್ಕಿಂತ ದೊಡ್ಡ ಷರತ್ತು ನಾರ್ಕೋಟಿಕ್ ನಿರ್ಬಂಧ: ಮೊದಲ ಅವಧಿಯಲ್ಲಿ ಮಾರ್ಫಿನ್, ಫೆಂಟನಿಲ್, ಲೊರಾಜೆಪಾಮ್‌ನಂಥ ಯಾವುದೇ ನಿಯಂತ್ರಿತ ಔಷಧವನ್ನು ಕಪಾಟಿನಿಂದ ತೆಗೆಯುವಂತಿಲ್ಲ, ಕೊಡುವಂತಿಲ್ಲ, ಉಳಿದದ್ದನ್ನು ಚೆಲ್ಲುವಾಗ ಸಾಕ್ಷಿಯಾಗಿ ನಿಲ್ಲುವಂತೆಯೂ ಇಲ್ಲ.

“ನಾನು ಕಪಾಟಿಗೆ ಕೈ ಹಾಕಿದವಳೇ ಅಲ್ಲವಲ್ಲ” ಎಂದು ಅವರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ನಿರ್ಬಂಧ ಹಿಂದೆ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆಯಲ್ಲ. ಚೇತರಿಕೆಯ ಮೊದಲ ದಿನಗಳಲ್ಲಿ ದಿನಕ್ಕೆ ಹತ್ತು ಸಲ ಅದೇ ಸೀಸೆ ಕೈಗೆ ಬಾರದಿರಲಿ ಎಂಬ ಕಾಳಜಿ. ಅದನ್ನು ಹಾಗೆ ಒಪ್ಪಿಕೊಳ್ಳಲು ಅವರಿಗೆ ಸಮಯ ಹಿಡಿಯಿತು.

ಮೊದಲ ಸುತ್ತು

ಕಾರ್ಯಕ್ರಮ ಕೆಲಸಕ್ಕೆ ಮರಳಲು ಅನುಮತಿ ಕೊಟ್ಟ ದಿನವೇ ಅವರು ಅರ್ಜಿ ಹಾಕತೊಡಗಿದರು. ಗೊತ್ತಿದ್ದದ್ದು ಐಸಿಯು, ಹಾಕಿದ್ದೂ ಐಸಿಯುಗೆ, ಇಲ್ಲವೇ ಅದರ ಪಕ್ಕದ ಸ್ಟೆಪ್-ಡೌನ್ ವಾರ್ಡಿಗೆ. ಆಸ್ಪತ್ರೆಗಳ ವೆಬ್‌ಸೈಟಿನ ಮೂಲಕ ಹತ್ತಾರು ಅರ್ಜಿ ಹೋದವು. ಅನುಭವ ನೋಡಿ ಸಂದರ್ಶನಕ್ಕೆ ಕರೆ ಬರುತ್ತಿತ್ತು, ಎಲ್ಲ ಚೆನ್ನಾಗಿಯೇ ಸಾಗುತ್ತಿತ್ತು. ಕೆಲಸ ಖಚಿತವಾಗುವ ಹೊತ್ತಿಗೆ ಅವರು ಉಸಿರು ಬಿಗಿಹಿಡಿದು ಎಲ್ಲವನ್ನೂ ಹೇಳುತ್ತಿದ್ದರು: ಸೊಂಟ ನೋವು, ಮಾತ್ರೆ, ಗಂಡನ ಕಪಾಟು, ಚಿಕಿತ್ಸೆ, ಕರಾರು. ಕೇಳಿಸಿಕೊಂಡವರು ಮರುಕ ತೋರಿಸುತ್ತಿದ್ದರು. ಎರಡು ದಿನಕ್ಕೆ “ಬೇರೆಯವರನ್ನು ಆಯ್ಕೆ ಮಾಡಿದ್ದೇವೆ” ಎಂಬ ಈಮೇಲ್.

ಇನ್ನೊಂದೆಡೆ ಮೊದಲ ಫೋನಿನಲ್ಲೇ ಎಚ್‌ಆರ್‌ನವರಿಗೆ ಹೇಳಿ ನೋಡಿದರು. ಅಲ್ಲಿ ಫೋನಿನಾಚೆಗೆ ಮಾತೇ ಬೆಳೆಯಲಿಲ್ಲ.

ಐಸಿಯುನಲ್ಲಿ ನಾರ್ಕೋಟಿಕ್ ಮುಟ್ಟದ ನರ್ಸ್‌ಗೆ ಜಾಗ ಕೊಡುವುದು ನಿಜಕ್ಕೂ ಕಷ್ಟ. ವೆಂಟಿಲೇಟರ್ ಮೇಲಿರುವ ರೋಗಿಗೆ ಫೆಂಟನಿಲ್ ಡ್ರಿಪ್ ಓಡುತ್ತಿರುತ್ತದೆ, ಗಂಟೆಗೊಮ್ಮೆ ಅದರ ಪ್ರಮಾಣ ಏರಿಸಬೇಕು ಇಳಿಸಬೇಕು. ಇವರ ಇಬ್ಬರು ರೋಗಿಗಳ ಡ್ರಿಪ್ಪನ್ನು ಪಕ್ಕದ ನರ್ಸ್ ನೋಡಿಕೊಳ್ಳಬೇಕಾದರೆ ಆಕೆಯ ಇಬ್ಬರು ರೋಗಿಗಳ ಗತಿಯೇನು? ಹೀಗೆ ಯೋಚಿಸುವ ಮ್ಯಾನೇಜರ್‌ ಮನಸ್ಸಿನಲ್ಲಿ ದ್ವೇಷವಿರಬೇಕೆಂದಿಲ್ಲ, ಅವರ ಮುಂದೆ ಡ್ಯೂಟಿ ಪಟ್ಟಿ ಇರುತ್ತದೆ.

ಈ ಪ್ರಕರಣದಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿಯೂ ಇದೇ. ಕೆಲಸ ಹುಡುಕುವ ನರ್ಸ್ ತಾನು ಉತ್ತರಿಸಬೇಕಾದ ಪ್ರಶ್ನೆ “ನೀನು ಹಾಗೇಕೆ ಮಾಡಿದೆ?” ಎಂಬುದು ಎಂದುಕೊಂಡಿರುತ್ತಾಳೆ. ಅದಕ್ಕೇ ರಾತ್ರಿಯಿಡೀ ತಯಾರಿ ಮಾಡಿ, ಅತ್ತು, ಕ್ಷಮೆ ಕೇಳುವ ದನಿಯಲ್ಲಿ ಹೋಗಿ ಕೂರುತ್ತಾಳೆ. ಎದುರು ಕೂತವರ ಪ್ರಶ್ನೆ ಬೇರೆ: ನಿಮ್ಮ ರೋಗಿಗೆ ನೋವು ಬಂದಾಗ ಮಾರ್ಫಿನ್ ಯಾರು ಕೊಡುತ್ತಾರೆ? ಅದಕ್ಕೆ ಉತ್ತರ ಸಿಗದಿದ್ದರೆ ಎಷ್ಟು ಮರುಕ ಹುಟ್ಟಿದರೂ ಕೆಲಸ ಹುಟ್ಟುವುದಿಲ್ಲ.

ಅಮೆರಿಕದ ಅಂಗವೈಕಲ್ಯ ಕಾಯ್ದೆ 1990ರದ್ದು. ಮಾದಕವಸ್ತು ಬಿಟ್ಟು ಚೇತರಿಕೆಯಲ್ಲಿರುವವರಿಗೆ ಅದರಡಿ ರಕ್ಷಣೆಯಿದೆ, ಈಗಲೂ ಕಾನೂನುಬಾಹಿರವಾಗಿ ಸೇವಿಸುತ್ತಿರುವವರಿಗೆ ಇಲ್ಲ. ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ನಿಮ್ಮ ಹಳೆಯ ವ್ಯಸನ, ಚಿಕಿತ್ಸೆಯ ಬಗ್ಗೆ ಕೇಳುವಂತಿಲ್ಲ. ಲೈಸೆನ್ಸ್ ಮೇಲೆ, ಮಾಡಬಹುದಾದ ಕೆಲಸದ ಮೇಲೆ ಏನಾದರೂ ಮಿತಿ ಇದೆಯೇ ಎಂದು ಕೇಳಬಹುದು. ಕಾನೂನೇ ಎರಡನ್ನೂ ಬೇರೆಬೇರೆ ಇಟ್ಟಿದೆ. ನಮ್ಮ ನರ್ಸ್ ಎರಡನ್ನೂ ಒಟ್ಟಿಗೆ ಹೇಳಿಕೊಂಡು ಬರುತ್ತಿದ್ದರು. ಕಾರ್ಯಕ್ರಮ ಬಯಸುವುದು ಮಿತಿಗಳನ್ನು ಮೇಲ್ವಿಚಾರಕರಿಗೆ ತಿಳಿಸಬೇಕೆಂಬುದನ್ನು. ಮನೆಯ ಕಥೆಯನ್ನು ಯಾರೂ ಕೇಳಿಲ್ಲ.

ದಾರಿ ತಿರುಗಿದ್ದು

ವಾರದ ಗುಂಪಿನಲ್ಲಿ ಹಿರಿಯ ನರ್ಸ್ ಒಬ್ಬರಿದ್ದರು. ಹಿಂದೆ ಎಮರ್ಜೆನ್ಸಿಯಲ್ಲಿದ್ದವರು, ಈಗ ಡಯಾಲಿಸಿಸ್ ಕೇಂದ್ರದಲ್ಲಿದ್ದರು. ಅವರು ಹೇಳಿದ್ದು ಒಂದೇ ಮಾತು: ನಾರ್ಕೋಟಿಕ್ ಕಪಾಟೇ ಇಲ್ಲದ ಕಡೆ ಹುಡುಕು.

ಅಂಥ ಜಾಗಗಳು ನಾವಂದುಕೊಂಡಷ್ಟು ಕಡಿಮೆಯಿಲ್ಲ. ಹೊರರೋಗಿಗಳ ಡಯಾಲಿಸಿಸ್, ಪ್ಲಾಸ್ಮಾ ಸಂಗ್ರಹ ಕೇಂದ್ರ, ವಿಮಾ ಕಂಪನಿಯ ಕೇಸ್ ಮ್ಯಾನೇಜ್‌ಮೆಂಟ್, ಫೋನ್ ಟ್ರಯಾಜ್, ಡಾಕ್ಟರ ಕ್ಲಿನಿಕ್, ಆಸ್ಪತ್ರೆಯೊಳಗಿನ ಸೋಂಕು ನಿಯಂತ್ರಣ ಮತ್ತು ಗುಣಮಟ್ಟ ವಿಭಾಗ. ಡಯಾಲಿಸಿಸ್ ಇವರಿಗೆ ಹೊಂದುವಂತಿತ್ತು. ಐಸಿಯುನಲ್ಲಿ ಕಿಡ್ನಿ ಕೈಕೊಟ್ಟ ರೋಗಿಗಳನ್ನು ನೋಡಿದ್ದವರು, ರಕ್ತದೊತ್ತಡ ದಿಢೀರನೆ ಇಳಿದರೆ ಏನು ಮಾಡಬೇಕೆಂದು ಗೊತ್ತು. ಅಲ್ಲಿ ಬಳಸುವುದು ಹೆಪಾರಿನ್, ರಕ್ತಹೀನತೆಯ ಇಂಜೆಕ್ಷನ್, ಕಬ್ಬಿಣಾಂಶ. ವಾರಕ್ಕೆ ಮೂರು ಸಲ, ಮೂರು ನಾಲ್ಕು ಗಂಟೆ ಕೂತು ಹೋಗುವ ರೋಗಿಗಳಿಗೆ ಓಪಿಯಾಯ್ಡ್ ಇಟ್ಟುಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಅಲ್ಲೂ ಒಂದು ತೊಡಕಿತ್ತು. ಡಯಾಲಿಸಿಸ್ ನಡೆಯುವಷ್ಟು ಹೊತ್ತೂ ಕಟ್ಟಡದಲ್ಲಿ ರಿಜಿಸ್ಟರ್ಡ್ ನರ್ಸ್ ಇರಲೇಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವಿದೆ. ಸಣ್ಣ ಕೇಂದ್ರಗಳು ಒಬ್ಬ ನರ್ಸ್, ಉಳಿದವರು ಟೆಕ್ನಿಷಿಯನ್‌ಗಳು ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಒಬ್ಬಳೇ ನರ್ಸ್ ಆದರೆ ಮೇಲ್ವಿಚಾರಣೆಯ ಷರತ್ತು ಮುರಿಯುತ್ತದೆ, ಪರೀಕ್ಷೆಗೆ ಕರೆ ಬಂದ ದಿನ ಬಿಟ್ಟು ಹೋಗಲೂ ಆಗುವುದಿಲ್ಲ. ಹಾಗಾಗಿ ಒಂದು ಪಾಳಿಗೆ ಇಬ್ಬರು ನರ್ಸ್ ಇರುವಷ್ಟು ದೊಡ್ಡ ಕೇಂದ್ರಗಳನ್ನೇ ಅವರು ಆರಿಸಿಕೊಂಡರು. ಅರ್ಜಿಗಳ ಸಂಖ್ಯೆ ಕೈಬೆರಳೆಣಿಕೆಗೆ ಇಳಿಯಿತು.

ಜೊತೆಗೆ ಒಂದು ಹಾಳೆ ತಯಾರಾಯಿತು. ಇದನ್ನು ಬರೆಯಲು ಗುಂಪಿನ ಇಬ್ಬರು ಮೂವರು ಕೂತಿದ್ದರು. ಮೇಲೆ ಹೆಸರು, ಲೈಸೆನ್ಸ್ ಸಂಖ್ಯೆ, ಲೈಸೆನ್ಸ್ ಸಕ್ರಿಯ, ಶಿಸ್ತುಕ್ರಮ ಇಲ್ಲ ಎಂಬ ಸಾಲು. ಕೆಳಗೆ ಎರಡು ಅಂಕಣ. ಎಡಕ್ಕೆ ಮಿತಿ, ಬಲಕ್ಕೆ ಆ ಮಿತಿಯಿಂದ ನಿಮ್ಮ ಕೇಂದ್ರಕ್ಕೆ ಏನಾಗುತ್ತದೆ ಎಂಬುದು. “ನಿಯಂತ್ರಿತ ಔಷಧ ಮುಟ್ಟುವಂತಿಲ್ಲ” ಎಂಬುದರ ಎದುರು “ನಿಮ್ಮಲ್ಲಿ ಅದರ ದಾಸ್ತಾನಿಲ್ಲ, ರೋಗಿ ತಮ್ಮದೇ ಮಾತ್ರೆ ತಂದರೆ ಅದನ್ನು ಇನ್ನೊಬ್ಬ ನರ್ಸ್ ನೋಡಿಕೊಳ್ಳಬೇಕು”. “ಪರೀಕ್ಷೆಯ ದಿನ ಲ್ಯಾಬ್‌ಗೆ ಹೋಗಬೇಕು” ಎಂಬುದರ ಎದುರು “ಬೆಳಗಿನ ಚೆಕ್-ಇನ್ ಆದ ಕೂಡಲೇ ತಿಳಿಸುತ್ತೇನೆ, ಮೊದಲ ತಂಡದ ರೋಗಿಗಳನ್ನು ಇಳಿಸಿ ಎರಡನೆಯವರನ್ನು ಹಾಕುವ ನಡುವೆ, ಇಲ್ಲವೇ ಪಾಳಿ ಮುಗಿದ ಮೇಲೆ ಹೋಗುತ್ತೇನೆ, ಲ್ಯಾಬ್ ಸಂಜೆವರೆಗೆ ತೆರೆದಿರುತ್ತದೆ”. “ಮೇಲ್ವಿಚಾರಕರ ವರದಿ” ಎಂಬುದರ ಎದುರು ಆ ಖಾಲಿ ಫಾರಂನದೇ ಪ್ರತಿ, ತುಂಬಲು ಎಷ್ಟು ಹೊತ್ತು ಬೇಕೆಂದು ಅವರೇ ನೋಡಿಕೊಳ್ಳಲಿ ಎಂದು. ಕೊನೆಗೆ ಕಾರ್ಯಕ್ರಮದ ಕೇಸ್ ಮ್ಯಾನೇಜರ್‌ ಜೊತೆ ಮಾತಾಡಬೇಕಿದ್ದರೆ ಫೋನ್ ಸಂಖ್ಯೆ.

ಸೊಂಟ ನೋವಿನ ಬಗ್ಗೆ, ಗಂಡನ ಮಾತ್ರೆಯ ಬಗ್ಗೆ ಒಂದು ಅಕ್ಷರವಿರಲಿಲ್ಲ.

ಒಂದು ಕೇಂದ್ರದ ನರ್ಸ್ ಮ್ಯಾನೇಜರ್ ಜೊತೆ ಭೇಟಿ ಏರ್ಪಟ್ಟಿತು. ಡಯಾಲಿಸಿಸ್ ಬಗ್ಗೆ ಮಾತು ಮುಗಿದ ಮೇಲೆ, ಸಂಬಳದ ಮಾತಿಗೆ ಮುಂಚೆ, ಇವರು ಆ ಹಾಳೆಯನ್ನು ಮೇಜಿನ ಮೇಲಿಟ್ಟರು. “ನಾನು ನರ್ಸ್‌ಗಳ ನಿಗಾ ಕಾರ್ಯಕ್ರಮದಲ್ಲಿದ್ದೇನೆ. ನಿಮ್ಮ ಕೇಂದ್ರದ ಕೆಲಸಕ್ಕೆ ಅದರಿಂದ ಏನೇನು ವ್ಯತ್ಯಾಸವಾಗುತ್ತದೆ ಎಂದು ಇಲ್ಲಿ ಬರೆದಿದ್ದೇನೆ.” ಮ್ಯಾನೇಜರ್ ಓದಿದರು. ಹಳೆಯದನ್ನು ಕೆದಕಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ: ಶನಿವಾರ ಲ್ಯಾಬ್ ತೆರೆದಿರುತ್ತದೆಯೇ, ಪಾಳಿಯಲ್ಲಿರುವ ಇನ್ನೊಬ್ಬ ನರ್ಸ್‌ಗೆ ಎಷ್ಟು ಹೇಳಬೇಕು? ಮೊದಲನೆಯದಕ್ಕೆ ಉತ್ತರ ಇವರ ಬಳಿ ಇತ್ತು. ಎರಡನೆಯದನ್ನು ಕೇಸ್ ಮ್ಯಾನೇಜರ್‌ಗೆ ಫೋನ್ ಮಾಡಿ ಬಗೆಹರಿಸಿಕೊಂಡರು: ನಿಯಂತ್ರಿತ ಔಷಧ ಇವರಿಗೆ ಕೊಡಬೇಡಿ ಎಂದಷ್ಟೇ ಸಾಕು, ಏಕೆ ಎಂದು ಹೇಳಬೇಕಿಲ್ಲ. ಕೆಲಸ ಸಿಕ್ಕಿತು.

ಈ ಮ್ಯಾನೇಜರ್‌ಗಳಿಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ಕಾರ್ಯಕ್ರಮಗಳಲ್ಲಿದ್ದ ಏಳು ಸಾವಿರಕ್ಕೂ ಹೆಚ್ಚು ನರ್ಸ್‌ಗಳ ದಾಖಲೆ ನೋಡಿತು. ದಿನಾ ಚೆಕ್-ಇನ್, ತಿಂಗಳಿಗೆ ಎರಡು ಸಲವಾದರೂ ಹೇಳದೆ ಬರುವ ಪರೀಕ್ಷೆ, ಐದು ವರ್ಷದ ಅವಧಿ ಇದ್ದ ಕಡೆ ಕರಾರನ್ನು ಯಶಸ್ವಿಯಾಗಿ ಮುಗಿಸಿದವರು ಹೆಚ್ಚು. ಒಂದು ಪಾಳಿಯ ಎಲ್ಲ ನರ್ಸ್‌ಗಳಲ್ಲಿ ಹೆಚ್ಚು ಬಾರಿ ಪರೀಕ್ಷೆಗೆ ಒಳಗಾಗುವವಳು ಇವಳೇ. ಇವಳನ್ನು ನಂಬಲು ಕಾರಣ ಬೇಕೆಂದರೆ ಆ ವರದಿಗಳೇ ಸಾಕು.

ಗಸಗಸೆ, ಅರಿಷ್ಟ, ನೀರು

ಕೆಲಸ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವ ದಿನನಿತ್ಯದ ಎಚ್ಚರ ಶುರುವಾಯಿತು. ಇಲ್ಲಿ ಕನ್ನಡದ ಮನೆಗಳಿಗೆ ನೇರವಾಗಿ ತಾಗುವ ವಿಷಯಗಳಿವೆ, ಕಾರ್ಯಕ್ರಮದ ಕೈಪಿಡಿ ಬರೆದವರಿಗೆ ಹೊಳೆದಿರಲಾರದವು.

ಗಸಗಸೆ ಅಫೀಮು ಗಿಡದ್ದೇ ಬೀಜ. ತಿಂದರೆ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಗಸಗಸೆ ಮೆತ್ತಿದ ಬ್ರೆಡ್ಡು ಬೇಡ ಎಂದು ಇಂಥ ಕಾರ್ಯಕ್ರಮಗಳು ಹೇಳುತ್ತವೆ. ಆದರೆ ಬ್ರೆಡ್ಡಿನ ಮೇಲಿನ ಚಿಟಿಕೆ ಎಲ್ಲಿ, ಲೋಟ ತುಂಬ ಗಸಗಸೆ ಪಾಯಸ ಎಲ್ಲಿ? ಯುಗಾದಿಗೆ ಕನ್ನಡ ಕೂಟದ ಊಟದಲ್ಲಿ ಪಾಯಸ ಬಡಿಸಿದಾಗ ಇವರು “ಶುಗರ್ ಇದೆ” ಎಂದು ಕೈ ಅಡ್ಡ ಹಿಡಿದರು. ಕುರ್ಮ, ಸಾಗುವಿನ ಮಸಾಲೆಗೂ ಗಸಗಸೆ ಹಾಕುವವರಿದ್ದಾರೆ, ಆದ್ದರಿಂದ ಹೊರಗಿನ ಊಟವನ್ನೇ ಕಡಿಮೆ ಮಾಡಿದರು.

ಎರಡನೆಯದು ಊರಿಂದ ಬರುವ ಔಷಧ. ಬಿಟ್ಟಿದ್ದು ಮಾತ್ರೆಯೇ ಆದರೂ ಪರೀಕ್ಷೆಯಲ್ಲಿ ಮದ್ಯವನ್ನೂ ನೋಡುತ್ತಾರೆ. ಕುಡಿದದ್ದರ ಕುರುಹು ಮೂತ್ರದಲ್ಲಿ ಮೂರು ನಾಲ್ಕು ದಿನ, ರಕ್ತದಲ್ಲಿ ವಾರಗಟ್ಟಲೆ ಉಳಿಯುವಂಥ ಪರೀಕ್ಷೆಗಳಿವೆ. ಅಶೋಕಾರಿಷ್ಟ, ದಶಮೂಲಾರಿಷ್ಟ, ದ್ರಾಕ್ಷಾರಿಷ್ಟ, ಎಲ್ಲ ಅರಿಷ್ಟ ಆಸವಗಳಲ್ಲೂ ಹುದುಗಿ ಹುಟ್ಟಿದ ಮದ್ಯಸಾರವಿರುತ್ತದೆ. ಸೊಸೆಗೆ ಸೊಂಟ ನೋವೆಂದು ಅತ್ತೆ ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ತಂದ ಬಾಟಲಿ ಐದು ವರ್ಷದ ಕರಾರನ್ನೇ ಕೆಡಿಸಬಹುದು. ಕೆಲವು ಹೋಮಿಯೋಪಥಿ ಟಿಂಕ್ಚರ್, ಮದ್ಯಸಾರವಿರುವ ಮೌತ್‌ವಾಶ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಮೂರನೆಯದು ನೀರು. ಫ್ಲೋರಿಡಾದ ಸೆಕೆಯಲ್ಲಿ ಬಾಟಲಿಗಟ್ಟಲೆ ಕುಡಿದು ಮಾದರಿ ಕೊಟ್ಟರೆ ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ಅಂಶ ತೀರಾ ಇಳಿದು “ತೆಳು ಮಾದರಿ” ಎಂದು ಬರುತ್ತದೆ. ಬೇಕೆಂದೇ ನೀರು ಕುಡಿದು ಮರೆಮಾಚಿದಳೇ ಎಂಬ ಅನುಮಾನ ಹುಟ್ಟುತ್ತದೆ. ಒಂದು ಸಲ ಹಾಗಾದ ಮೇಲೆ ಬೆಳಗಿನ ಮೊದಲ ಮೂತ್ರವನ್ನೇ ಕೊಡುವಂತೆ, ಅದಕ್ಕೆ ಮುಂಚೆ ನೀರು ಮಿತವಾಗಿ ಕುಡಿಯುವಂತೆ ದಿನಚರಿ ಬದಲಿಸಿಕೊಂಡರು. ಡಯಾಲಿಸಿಸ್ ಪಾಳಿ ನಸುಕಿನಲ್ಲೇ ಶುರುವಾಗುವುದರಿಂದ ಕೆಲಸದ ದಿನ ಅದು ಆಗುತ್ತಿರಲಿಲ್ಲ. ಆ ದಿನಗಳಲ್ಲಿ ಪಾಳಿಯ ಕೊನೆಯ ಎರಡು ಗಂಟೆ ನೀರಿನ ಮೇಲೆ ಹಿಡಿತವಿರುತ್ತಿತ್ತು.

ಊರಿಗೆ ಹೋಗಬೇಕಾದರೂ ಮೊದಲೇ ಅನುಮತಿ ಕೇಳಬೇಕು, ಹಿಂದಿರುಗಿದ ಮೇಲೆ ಉಗುರು ಅಥವಾ ಕೂದಲಿನ ಪರೀಕ್ಷೆಯಾಗಬಹುದು. ಹಾಸನದಲ್ಲಿರುವ ಅಮ್ಮನಿಗೆ ಅವರು ಇನ್ನೂ ಏನನ್ನೂ ಹೇಳಿಲ್ಲ. “ರಜೆ ಕೊಡಲ್ಲ ಅಂತಾರಮ್ಮ” ಎಂದಷ್ಟೇ ಹೇಳುತ್ತಾರೆ. ಅಮ್ಮನಿಗೆ ಹೇಳಲೇಬೇಕೆಂದು ನಾನು ಒತ್ತಾಯಿಸಲಾರೆ. ಆದರೆ ಗಂಡನ ಹೊರತು ಮನೆಯವರಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮರೆತ ಚೆಕ್-ಇನ್ ನೆನಪಿಸಲು, ಅರಿಷ್ಟದ ಬಾಟಲಿಯನ್ನು ಅತ್ತೆಯ ಕೈಯಿಂದ ನಯವಾಗಿ ತೆಗೆದಿಡಲು ಯಾರಾದರೂ ಬೇಕು.

ಸಹಿಗೆ ಮುಂಚೆ ನೋಡಬೇಕಾದದ್ದು

ಇವರು ಅಷ್ಟು ಹೊತ್ತಿಗೆ ಅಮೆರಿಕದ ಪೌರತ್ವ ಪಡೆದಿದ್ದರು. ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಮೇಲಿರುವ ನರ್ಸ್‌ಳ ಸ್ಥಿತಿ ಬೇರೆ. ಅಲ್ಲಿನ ವಲಸೆ ಕಾಯ್ದೆಯಲ್ಲಿ, ದೇಶದೊಳಗೆ ಬಂದ ಮೇಲೆ ಮಾದಕವ್ಯಸನಿಯಾದವರನ್ನು ಗಡೀಪಾರು ಮಾಡಬಹುದೆಂಬ ಕಲಮಿದೆ. ಶಿಕ್ಷೆಯೇ ಆಗದಿದ್ದರೂ ಔಷಧ ಕಾನೂನು ಮುರಿದೆನೆಂದು ಒಪ್ಪಿಕೊಂಡ ಮಾತೇ ಮುಂದೆ ವೀಸಾಕ್ಕೆ ಅಡ್ಡಿಯಾಗಬಹುದು. ಹಾಗಾಗಿ ಪೌರತ್ವ ಇಲ್ಲದವರು ಏನನ್ನಾದರೂ ಬರೆದುಕೊಡುವ, ಸಹಿ ಹಾಕುವ ಮೊದಲು ನರ್ಸಿಂಗ್ ಲೈಸೆನ್ಸ್ ವಕೀಲರನ್ನಷ್ಟೇ ಅಲ್ಲದೆ ವಲಸೆ ವಕೀಲರನ್ನೂ ಕಾಣಬೇಕು. ಚಿಕಿತ್ಸೆಗಾಗಿ ಮಾತ್ರ ಕಾಯುವುದು ಬೇಡ, ಡಾಕ್ಟರನ್ನು ಅಂದೇ ಕಾಣಬಹುದು.

ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಕೊಡುವ ಬ್ಯೂಪ್ರೆನಾರ್ಫಿನ್‌ನಂಥ ಔಷಧದ ಮೇಲೆ ಚೇತರಿಸಿಕೊಳ್ಳುತ್ತಿರುವವರನ್ನು ಕೆಲವು ಕಾರ್ಯಕ್ರಮಗಳು ಹಿಂದೆ ಸೇರಿಸಿಕೊಳ್ಳುತ್ತಿರಲಿಲ್ಲ. ಇಂಡಿಯಾನಾ ರಾಜ್ಯದ ನರ್ಸಿಂಗ್ ಬೋರ್ಡ್ ಹಾಗೆ ಮಾಡಿದ್ದು ಅಂಗವೈಕಲ್ಯ ಕಾಯ್ದೆಗೆ ವಿರುದ್ಧವೆಂದು ಅಮೆರಿಕದ ನ್ಯಾಯ ಇಲಾಖೆ 2022ರಲ್ಲಿ ಹೇಳಿತು. ಔಷಧ ನಿಲ್ಲಿಸಿದರಷ್ಟೇ ಕೆಲಸ ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಆ ತೀರ್ಮಾನವನ್ನು ವಕೀಲರಿಗೆ ತೋರಿಸಿ.

ಒಂದೇ ಲೈಸೆನ್ಸ್‌ನಲ್ಲಿ ಹಲವು ರಾಜ್ಯಗಳಲ್ಲಿ ದುಡಿಯುವ ಸೌಲಭ್ಯವನ್ನೂ ಇವರು ಕಳೆದುಕೊಂಡರು. 2018ರ ಜನವರಿಯಲ್ಲಿ ಹೊಸ ರೂಪದಲ್ಲಿ ಜಾರಿಯಾದ ನರ್ಸ್ ಲೈಸೆನ್ಸ್ ಒಪ್ಪಂದದ ಪ್ರಕಾರ ಇಂಥ ಕಾರ್ಯಕ್ರಮದಲ್ಲಿರುವವರಿಗೆ ಬಹುರಾಜ್ಯ ಲೈಸೆನ್ಸ್ ಇಲ್ಲ. ಗಂಡನಿಗೆ ಅಟ್ಲಾಂಟಾದಲ್ಲಿ ಒಳ್ಳೆಯ ಕೆಲಸ ಬಂದಾಗ ಹೋಗಲಾಗಲಿಲ್ಲ.

ಈಗ

ಒಂದು ವರ್ಷ ತಪ್ಪಿಲ್ಲದ ಪರೀಕ್ಷೆ ಮತ್ತು ವರದಿಗಳಾದ ಮೇಲೆ ನಾರ್ಕೋಟಿಕ್ ನಿರ್ಬಂಧ ತೆರವಾಯಿತು. ಓವರ್‌ಟೈಮ್ ಮಿತಿ ಸಡಿಲವಾಗಿದೆ, ಚೆಕ್-ಇನ್ ಮತ್ತು ವಾರದ ಗುಂಪು ಮುಂದುವರಿದಿವೆ. ಐಸಿಯುಗೆ ಈಗ ಅರ್ಜಿ ಹಾಕಬಹುದು, ಆದರೆ ಅವರು ಹಾಕಿಲ್ಲ. ಡಯಾಲಿಸಿಸ್ ನರ್ಸಿಂಗ್‌ನ ಪ್ರಮಾಣಪತ್ರ ಪರೀಕ್ಷೆ ಬರೆಯಬೇಕೆಂದಿದ್ದಾರೆ. ಇಂಥ ಪ್ರಮಾಣಪತ್ರಗಳಿಗೆ ಯಾವ ನಿರ್ಬಂಧವೂ ಇಲ್ಲದ ಲೈಸೆನ್ಸ್ ಕೇಳುವುದುಂಟು. ನಿಗಾ ಕರಾರು ಆ ಮಾತಿನೊಳಗೆ ಬರುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ಲಿಖಿತವಾಗಿ ಕೇಳಿದ್ದಾರೆ. ಉತ್ತರ ಬರಬೇಕಿದೆ. ಆ ಹಾಳೆಯ ಖಾಲಿ ನಮೂನೆಯನ್ನು ಗುಂಪಿಗೆ ಹೊಸದಾಗಿ ಬಂದ ಇಬ್ಬರಿಗೆ ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಕ್ಲಿನಿಕ್ ಕೆಲಸಕ್ಕೆ ಹೊಂದುವಂತೆ ಅದರ ಬಲಗಡೆಯ ಅಂಕಣವನ್ನು ತಿದ್ದಿ ಬರೆಯುತ್ತಿದ್ದಾರೆ.